ಎಡಗೈ ಕತ್ತರಿ

ಡಾಕ್ಟರಮ್ಮನ ಕೋಣೆಯ ಆ ಪರದೆಯ ಅಂಚು ಸೊಟ್ಟಗಿದೆ, ಯಾರೋ ಅವಸರದಲ್ಲಿ ಕತ್ತರಿಸಿದ್ದಾರೆ, ಒಂದು ತುದಿ ನೆಲ ಗುಡಿಸುತ್ತಿದ್ದರೆ ಇನ್ನೊಂದು ಮೊಣಕಾಲಿಗೆ ಬಂದಿದೆ, ಅದನ್ನೇ ನೋಡುತ್ತ ಕೂತಿದ್ದಾಳೆ ಅವಳು, ಹೇಗಿದ್ದೀರಿ ಅಂತ ಡಾಕ್ಟರಮ್ಮ ಕೇಳಿದ್ದು ಅವಳನ್ನು, ಉತ್ತರ ಕೊಡುತ್ತಿರುವುದು ಗಂಡ — ಈಗ ಎಷ್ಟೋ ವಾಸಿ ಡಾಕ್ಟ್ರೇ, ಊಟ ಮಾಡ್ತಾಳೆ, ನಿದ್ದೆ ಮಾಡ್ತಾಳೆ, ಮಾತೇ ಇಲ್ಲ, ತುಂಬ ಶಾಂತವಾಗಿದಾಳೆ. ಶಾಂತವಂತೆ! ಬೀಗ ಹಾಕಿದ ಬೀರುವೂ ಶಾಂತವಾಗಿಯೇ ಇರುತ್ತದೆ, ಅದರೊಳಗೆ ಅವಳ ಕತ್ತರಿಯಿದೆ, ಚಳಿಗಾಲದಿಂದಲೂ ಇದೆ. ಕಾಯಿಲೆ ಸುಳ್ಳಲ್ಲ, ಅದನ್ನು ಅವಳು ಯಾರಿಗೂ ಮುಚ್ಚಿಟ್ಟಿಲ್ಲ, ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಒಂದು ಬೆಳಗ್ಗೆ ಗೆರೆ ಎಲ್ಲಿಂದ ಎಳೆಯಬೇಕೆಂದೇ ತೋಚದೆ ನಿಂತಲ್ಲೇ ಅತ್ತಳು, ಆಮೇಲೆ ವಾರಗಟ್ಟಲೆ ಗೋಡೆಯ ಕಡೆ ಮುಖ, ಬಾಚಣಿಗೆ ಕೂಡ ಕೈಗೆ ಭಾರ, ಅತ್ತೆ ಮಂಚದ ಪಕ್ಕ ನಿಂತು ಕಾರಣ ಹೇಳು, ಏನು ಕಡಿಮೆ ಮಾಡಿದೀವಿ ನಿಂಗೆ — ಏನೂ ಕಡಿಮೆಯಿಲ್ಲ ಅತ್ತೆ, ಜ್ವರ ಬಂದವರನ್ನೂ ಹೀಗೇ ಕೇಳುತ್ತೀರಾ? ಗುಳಿಗೆ ನುಂಗಿದಳು, ಗುಳಿಗೆ ಒಳ್ಳೆಯದನ್ನೇ ಮಾಡಿತು, ಒಂದು ದಿನ ಮಗ್ಗುಲು ಬದಲಿಸಿದರೆ ಅಲ್ಲೊಂದು ಕಿಟಕಿಯಿತ್ತು, ಹಸಿವಾಯಿತು, ಕೈ ಕೆಲಸ ಕೇಳಿತು. ಅಷ್ಟರಲ್ಲಿ ಮನೆಯಲ್ಲಿ ಚೂಪಾದದ್ದೇ ಮಾಯ, ಸೂಜಿಯಿಲ್ಲ, ಚಾಕುವಿಲ್ಲ, ಸೇಬು ಕೂಡ ಹೋಳಾಗಿಯೇ ತಟ್ಟೆಗೆ ಬರುತ್ತದೆ, ಕೂಸಿಗೆ ಕೊಟ್ಟ ಹಾಗೆ. ಆ ಕೆಟ್ಟ ವಾರಗಳಲ್ಲಿ ಅದು ಸರಿಯೇ ಇತ್ತು, ತನ್ನ ಕೈಗೆ ತಾನೇ ಹೆದರಿ, ಇದನ್ನ ಎತ್ತಿಡಿ ಅಂತ ಗಂಡನಿಗೆ ಕತ್ತರಿ ಕೊಟ್ಟವಳು ಅವಳೇ ಅಲ್ಲವೇ, ಎತ್ತಿಡಿ ಅಂದಿದ್ದಳು, ವಾಪಸ್ಸು ಕೊಡಬೇಡಿ ಅಂದಿರಲಿಲ್ಲ.

ಗಂಡ ಇನ್ನೂ ಮಾತಾಡುತ್ತಿದ್ದಾನೆ — ಇನ್ಮೇಲೆ ಕೆಲಸಕ್ಕೆ ಬರಲ್ಲ ಅಂತ ಅಂಗಡಿಯವರಿಗೆ ಹೇಳ್ಬಿಟ್ಟೆ ಡಾಕ್ಟ್ರೇ, ಅವಳ ಒಳ್ಳೇದಕ್ಕೇ, ಆ ಕತ್ತರೀನೂ ಇವತ್ತು ಯಾರಿಗಾದ್ರೂ ಕೊಟ್ಬಿಡೋಣ ಅಂತ ತಂದಿದೀನಿ, ಹೇಗೂ ಮೊಂಡು, ಕಾಗದಾನೂ ಕತ್ತರಿಸಲ್ಲ. ಏನಂದ ಇವನು? ಹೇಳ್ಬಿಟ್ಟನಂತೆ! ಕಾಲ ಬಳಿಯ ಚೀಲ, ಅದರಲ್ಲಿ ದಿಂಬಿನ ಹಳೇ ಗವಸು, ಗವಸಿನೊಳಗೆ ಉದ್ದನೆಯದೇನೋ, ಬೀರುವಿನಲ್ಲೇ ಇದೆ ಅಂದುಕೊಂಡಿದ್ದಳು, ಇಡೀ ದಾರಿ ಅವಳ ಮೊಣಕಾಲಿಗೆ ತಾಗುತ್ತ ಬಂದದ್ದು ಇದೇ. ಮೊಂಡಲ್ಲ ಕಣೋ ಮಹಾರಾಯ, ನೀನು ಬಲಗೈಲಿ ಹಿಡಿದಿದ್ದೀಯ, ಬಲಗೈಲಿ ಹಿಡಿದರೆ ಬಟ್ಟೆ ಅಲಗುಗಳ ನಡುವೆ ಸುಮ್ಮನೆ ಮಡಚಿಕೊಳ್ಳುತ್ತದೆ, ಕತ್ತರಿಸಿಕೊಳ್ಳುವುದಿಲ್ಲ, ಇಷ್ಟು ವರ್ಷ ಜೊತೆಗಿದ್ದೂ ಹೆಂಡತಿ ಎಡಚಿಯೆಂಬುದು ನಿನ್ನ ತಲೆಗೆ ಹೋಗಲಿಲ್ಲವೇ? ಕೆಲಸ ಕಲಿಸಿದ ಮುದುಕ ದರ್ಜಿಯ ತಲೆಗೆ ಮೊದಲ ದಿನವೇ ಹೋಯಿತು, ಕೈ ಬದಲಾಯಿಸೋದು ಬೇಡ ಮಗಳೇ, ಕತ್ತರಿ ಬದಲಾಯಿಸೋಣ ಅಂದ, ಅಲಗು ತಿರುಗುಮುರುಗು ಮಾಡಿಸಿ ತಂದುಕೊಟ್ಟ, ಅಂದಿನಿಂದ ಅವಳ ಕೈಗಲ್ಲದೆ ಇನ್ನಾರ ಕೈಗೂ ಬಗ್ಗದು. ಡಾಕ್ಟರಮ್ಮ ಕೈಯೆತ್ತಿ ಗಂಡನನ್ನು ತಡೆದರು, ನಾನು ಅವರನ್ನ ಕೇಳ್ತಿದೀನಿ — ಅದು ಹತ್ರ ಇದ್ರೆ ನಿಮಗೆ ಭಯ ಆಗತ್ತಾ? ಗಂಟಲು ತುಕ್ಕು ಹಿಡಿದಿದೆ, ಹಿಡಿಯಲಿ, ಆಗ ಆಗ್ತಿತ್ತು ಡಾಕ್ಟ್ರೇ, ಈಗ ಇಲ್ಲ, ಮತ್ತೆ ಆದ್ರೆ ನಾನೇ ಹೇಳ್ತೀನಿ, ಅವತ್ತೂ ನಾನೇ ಹೇಳಿದ್ದು. ಪಾಪ, ಗಂಡನಿಗೂ ಹೆದರಿಕೆಯೇ, ಆದರೆ ಅವನ ಹೆದರಿಕೆಯ ಪಥ್ಯ ಇವಳೇಕೆ ಮಾಡಬೇಕು? ನಾಳೆ ಅಂಗಡಿಗೆ ಹೋಗುತ್ತಾಳೆ, ಅಲ್ಲಿ ಜಾಗವಿಲ್ಲ ಅಂದರೆ ಊರಲ್ಲಿ ಅದೊಂದೇ ಮೇಜೇ, ಗುಳಿಗೆ ಡಬ್ಬಿಯೂ ಅವಳ ಚೀಲದಲ್ಲೇ ಇರುತ್ತದೆ, ಕಾಯಿಲೆ ಅವಳದು, ಕೆಲಸವೂ ಅವಳದೇ. ಬಗ್ಗಿ ಗವಸಿನೊಳಗೆ ಕೈ ಹಾಕುತ್ತಾಳೆ, ಜೋಪಾನ, ಜೋಪಾನ ಕಣೇ ಅಂತ ಗಂಡ ಎದ್ದು ನಿಂತ, ತಣ್ಣನೆಯ ಕಬ್ಬಿಣ, ಹೆಬ್ಬೆರಳಿಗೆ ಅದೇ ಹಳೇ ಸವಕಲು, ಮಡಿಲಲ್ಲಿ ಗವಸು, ಚಳಿಗಾಲವೆಲ್ಲ ಕೆನ್ನೆಯಡಿ ಒದ್ದೆಯಾದ ಗವಸು, ಅಂಚಿಗೆ ಅಲಗು ತಾಗಿಸಿದಳು, ಮಡಚಿಕೊಳ್ಳಲಿಲ್ಲ, ಬಿಚ್ಚಿತು, ಗೆರೆಯಿಲ್ಲದೆಯೇ ನೆಟ್ಟಗೆ, ಇನ್ನೊಂದು ಕಚಕ್, ಇನ್ನೊಂದು, ಬಟ್ಟೆ ಎರಡಾಗುತ್ತ — ಎಡಗೈ, ತೆರೆದ ಕತ್ತರಿ, ಎಡಗೈಯಲ್ಲಿ ತೆರೆದ ಕತ್ತರಿ