ಸೊನ್ನೆಯ ಎರಡರಷ್ಟು

ಧೂಳು ಹೋಗಲೆಂದು ಜಮಖಾನವನ್ನು ಹಿಮದ ಮೇಲೆ ಬೋರಲು ಹಾಕಿ ಬಡಿಯುತ್ತಿದ್ದೆ. ಎರಡನೇ ಏಟಿಗೇ ಗೊತ್ತಾಯಿತು, ಹಿಮ ಪುಡಿಯಾಗಿ ಹಾರುತ್ತಿಲ್ಲ, ಕಲಸಿದ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತಿದೆ. ಆದರೂ ಕೈ ನಿಲ್ಲಲಿಲ್ಲ.

ಬೇಲಿಯಾಚೆ ಓಯ್ವ ಬಂದು ನಿಂತ. ಈ ದಾರಿಯಲ್ಲಿ ನನಗಿರುವ ನೆರೆಯವನು ಅವನೊಬ್ಬನೇ. ಬೆಳಗಾದರೆ ಅವನ ಥರ್ಮಾಮೀಟರಿಗೂ ನನ್ನದಕ್ಕೂ ಜಗಳ.

"ತಲೆ ಕೆಟ್ಟಿದೆಯೇನೇ ತಾಯ್ಮಿ? ಸೊನ್ನೆ ಡಿಗ್ರೀಲಿ ಯಾರಾದ್ರೂ ಜಮಖಾನ ಹೊರಗೆ ತರ್ತಾರಾ? ನೆಂದು ಮುದ್ದೆ ಆಗಿದೆ ನೋಡು."

"ಕೈ ಸುಮ್ನೆ ಕೂರ್ತಿಲ್ಲ ಕಣೋ."

"ಆ ಕಾಗದ ಹಾಕಿಬಿಡು, ಕೂರುತ್ತೆ."

ಕಾಗದ ಗಡಿಯಾರದ ಹಿಂದೆ ನವೆಂಬರಿನಿಂದ ಇದೆ, ಅಂಚೆಚೀಟಿ ಹಚ್ಚಿಕೊಂಡು. ದಕ್ಷಿಣದ ಕಡಲತೀರದ ಊರು ಹಾಂಕೋದಲ್ಲಿರುವ ತಂಗಿ ಸೈಮಿ ಕರೆದಿದ್ದಳು: ಬಂದು ನನ್ನ ಜೊತೆಗೇ ಇದ್ದುಬಿಡು, ಇಲ್ಲಿ ನಿಮ್ಮಲ್ಲಿಯ ಅರ್ಧ ಚಳಿ. ಫೋನಿನಲ್ಲಿ ಹೂಂ ಅಂದರೆ ನಂಬುವವಳಲ್ಲ. ಹಿಂದೆಲ್ಲ ಹೂಂ ಅಂದು ಜಾರಿಕೊಂಡಿದ್ದೆನಲ್ಲ, ಬರೆದು ಕಳಿಸು ಅಂದಳು. ಬರೆದೆ. ಅವತ್ತು ಮೈನಸ್ ಐದು. ಇದರ ಎರಡರಷ್ಟು ಚಳಿಯಾದ ದಿನ ಹಾಕುತ್ತೇನೆ ಅಂದುಕೊಂಡೆ, ಓಯ್ವನಿಗೂ ಹಾಗೇ ಹೇಳಿದೆ. ಹತ್ತಾಯಿತು. ಇದೇನು ಮಹಾ, ಇದರ ಎರಡರಷ್ಟಾಗಲಿ ಅಂದೆ. ಇಪ್ಪತ್ತೂ ಬಂತು. ಆಮೇಲೆ ನಲವತ್ತಕ್ಕೆ ಕಾದೆ, ಅದು ಬರಲೇ ಇಲ್ಲ. ನಿನ್ನೆ ಸೈಮಿ ಫೋನು ಮಾಡಿ, ಸೋಮವಾರದೊಳಗೆ ಕಾಗದ ಬರದಿದ್ದರೆ ನಿನಗೆಂದು ಖಾಲಿ ಬಿಟ್ಟ ಕೋಣೆ ಬಾಡಿಗೆಗೆ ಕೊಡುತ್ತೇನೆ ಎಂದು ಫೋನು ಇಟ್ಟುಬಿಟ್ಟಳು. ಆಗಿನಿಂದ ಕಿಟಕಿಗೂ ಒಲೆಗೂ ಓಡಾಡುತ್ತಿದ್ದೇನೆ.

"ಇವತ್ತು ಸೊನ್ನೆ. ಇದರ ಎರಡರಷ್ಟು ಎಷ್ಟಮ್ಮಾ?" ಓಯ್ವ ಹಲ್ಲು ಕಿರಿದ.

"ಸೊನ್ನೆ."

"ಹಾಗಾದ್ರೆ ನಿನ್ನ ದಿನ ಇವತ್ತೇ! ಇನ್ನೇನು ನೆಪ?"

ಒದ್ದೆ ಜಮಖಾನವನ್ನು ಬೇಲಿಗೆ ಎಸೆದು ಒಳಗೆ ಬಂದೆ.

ಹಿಂದೆ ನಾನು ಹೋಗುತ್ತಿದ್ದ ದೊಡ್ಡವರ ಸಂಜೆಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ರೈಲಿ ಟೀಚರ್ ಒಮ್ಮೆ ಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದಿದ್ದರು. ಸೊನ್ನೆ ಅನ್ನುವುದು ನೀರು ಹೆಪ್ಪುಗಟ್ಟುವ ಕಡೆ ನಾವು ಮಾಡಿಕೊಂಡ ಗುರುತು, ಚಳಿ ಅಲ್ಲಿಂದ ಹುಟ್ಟುವುದಿಲ್ಲ. ನಿಜವಾದ ತಳ ಇನ್ನೂರ ಎಪ್ಪತ್ತಮೂರು ಡಿಗ್ರಿ ಕೆಳಗಿದೆ. ಅಲ್ಲಿಂದ ಅಳೆದರೆ ಮೈನಸ್ ಹತ್ತಕ್ಕೂ ಇಪ್ಪತ್ತಕ್ಕೂ ನೂರಕ್ಕೆ ನಾಲ್ಕು ಪಾಲೂ ವ್ಯತ್ಯಾಸವಿಲ್ಲ. "ಹಾಗಾದ್ರೆ ನನ್ನ ಮೂಗಿಗೆ ಯಾರು ಹೇಳ್ತಾರೆ ಟೀಚರ್?" ಅಂದಿದ್ದೆ. ತರಗತಿಯೆಲ್ಲ ನಕ್ಕಿತ್ತು.

ಲಕೋಟೆ ಹರಿದೆ. ಕಾಗದದಲ್ಲಿ ಏನು ಬರೆದಿದ್ದೆ? "ಇಲ್ಲಿ ನಿಮ್ಮಲ್ಲಿಯ ಎರಡರಷ್ಟು ಚಳಿ, ಅದಕ್ಕೇ ಬರ್ತೀನಿ." ಎಪ್ಪತ್ತು ಚಳಿಗಾಲ ಕಳೆದವಳಿಗೆ ಚಳಿಯ ಭಯವೇ? ಆ ಸಾಲು ಹೊಡೆದು ಹಾಕಿದೆ. ಆಮೇಲೆ ಬರೆದೆ: "ಸೈಮಿ, ಇಲ್ಲಿ ಜೊತೆಗೆ ಕೂತು ಕಾಫಿ ಕುಡಿಯೋಕೆ ಒಬ್ಬರೂ ಇಲ್ಲ. ಓಯ್ವ ಬೇಲಿ ದಾಟಿ ಬರೋನಲ್ಲ. ಬರ್ತೀನಿ, ಜಮಖಾನ ಒಣಗಿದ ಮೇಲೆ."

ಹೊಸ ಲಕೋಟೆ ಸಿಗಲಿಲ್ಲ. ಹರಿದ ಬಾಯಿಗೇ ಟೇಪು ಸುತ್ತಿದೆ.

ಕರಗಿದ ಹಾದಿಯಲ್ಲಿ, ಹಿಮದ ಮೇಲೆ ಕಾಲಲ್ಲಿ ತಳ್ಳಿಕೊಂಡು ಹೋಗುವ ನನ್ನ ಜಾರುಬಂಡಿ ಓಡುವಂತಿರಲಿಲ್ಲ, ನಡೆದೇ ಹೊರಟೆ. ಬೇಲಿಯಿಂದ ಓಯ್ವ, "ಎಲ್ಲಿಗೇ ಇಷ್ಟು ಅವಸರ?" ಅಂದ. ಮಾತಾಡಿದರೆ ನಿಂತುಬಿಡುತ್ತೇನೆ ಎಂದು ಲಕೋಟೆ ಎತ್ತಿ ತೋರಿಸಿದೆ, ಅಷ್ಟೇ. ಅವನು ಈ ಸಲ ನಗಲಿಲ್ಲ.

ಊರ ಅಂಗಡಿಯ ಗೋಡೆಯಲ್ಲಿದ್ದ ಕಿತ್ತಳೆ ಬಣ್ಣದ ಅಂಚೆಪೆಟ್ಟಿಗೆಯೊಳಗೆ ಮಣಿಕಟ್ಟಿನವರೆಗೂ ಕೈ ತೂರಿಸಿ, ಕಾಗದವನ್ನು ಬಿಟ್ಟೆ.