ನಾಗಶ್ರೀಯ ಎಡೆ

"ನಾನಿನ್ನೂ ಬದ್ಕಿವ್ನಿ ಕಣಮ್ಮಿ. ಅಣೆ ಯಾಕ್ ಬೋಳ್ ಮಾಡ್ಕಂಡಿದ್ದೀಯೆ?"

ಬೆಳಗ್ಗೆ ಗಂಡ ರಾಮಲಿಂಗಯ್ಯ ಕೇಳಿದ ಈ ಮಾತು ಮದ್ದೂರಿನಿಂದ ಹಿಂತಿರುಗುವ ಬಸ್ಸಿನಲ್ಲೂ ಹೊಂಬಾಳಮ್ಮನ ಕಿವಿ ಬಿಟ್ಟಿರಲಿಲ್ಲ. ಭಾನುವಾರದ ಆರಾಧನೆ ಮುಗಿಸಿ ಊರಿಗೆ ಬರುತ್ತಿದ್ದಳು. ವೈದ್ಯನಾಥಪುರ ಸಮೀಪಿಸುತ್ತಲೇ ಅವಳ ಬೆರಳು ಅಭ್ಯಾಸಬಲದಿಂದ ಬೈಬಲಿನ ರಟ್ಟಿನ ಒಳಬದಿಗೆ ಹೋಯಿತು. ನಾಲ್ಕು ವರ್ಷ ಅವಳ ಹಣೆಯ ಸ್ಟಿಕ್ಕರ್ ಭಾನುವಾರದ ಮಟ್ಟಿಗೆ ಅಲ್ಲಿ ಬಿಡಾರ ಹೂಡುತ್ತಿತ್ತು. ಹೋಗುವಾಗ ಹಣೆಯಿಂದ ಕಿತ್ತು ಅಲ್ಲಿಗೆ, ಬರುವಾಗ ಅಲ್ಲಿಂದ ಕಿತ್ತು ಹಣೆಗೆ. ಊರಿಗೆ ಗೊತ್ತಿಲ್ಲ ಅಂದುಕೊಂಡಿದ್ದವಳು ಅವಳೊಬ್ಬಳೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಇರುತ್ತದೆಯೇ?

ಇವತ್ತು ಅಲ್ಲಿ ಸ್ಟಿಕ್ಕರ್ ಇರಲಿಲ್ಲ. ಅಂಟಿನ ದುಂಡನೆಯ ಕರೆಯಷ್ಟೇ ಇತ್ತು.

ಒಬ್ಬಳೇ ಮಗಳು ನಾಗಶ್ರೀಯ ಕಿಡ್ನಿ ಎರಡೂ ಕೈಕೊಟ್ಟಾಗ ಶುರುವಾದದ್ದು ಇದು. ಮಂಡ್ಯದ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳ ತಾಯಿ ಬೆಟ್ಟಮ್ಮ, ಒಮ್ಮೆ ಬಂದು ನೋಡಿ ಎಂದು ಪ್ರಾರ್ಥನಾಲಯಕ್ಕೆ ಕರೆದೊಯ್ದಿದ್ದಳು. ಅಂದಿನಿಂದ ಭಾನುವಾರ ಯೇಸುವಿನ ಮುಂದೆ ಮಂಡಿಯೂರಿದವಳು ಸೋಮವಾರ ವೈದ್ಯನಾಥೇಶ್ವರನ ಗುಡಿಯಲ್ಲಿ ಹರಕೆ ಹೊರುತ್ತಿದ್ದಳು. ಯಾರ ಕೈಲಾದರೂ ಸರಿ, ಮಗಳು ಉಳಿದರೆ ಸಾಕು. ಹೆತ್ತವಳನ್ನು ಅದಕ್ಕೆ ಬಯ್ಯುವವರು ಯಾರು?

ನಾಗಶ್ರೀ ಮಾತ್ರ ನಗುತ್ತಿದ್ದಳು. "ಏನವ್ವ, ಎಲ್ಡೂ ಕಡೆ ಅರ್ಜಿ ಆಕಿದ್ದೀಯಾ?"

ಕೊನೆಯ ದಿನಗಳಲ್ಲೊಮ್ಮೆ ಅವಳೇ ತಾಯಿಯ ಕೈ ಹಿಡಿದುಕೊಂಡು ಹೇಳಿದ್ದಳು. "ಅವ್ವಾ, ಒಂದ್ಸಲ ನನ್ನ ಉಳ್ಸು ಅಂತ ಕೇಳದಂಗೆ ಪ್ರಾರ್ಥನೆ ಮಾಡವ್ವ. ಸುಮ್ಕೆ ಆ ದೇವ್ರ್ ಜೊತೇಲಿ ಕೂತ್ಕೊ. ನನ್ ಜೊತೇಲಿ ಕೂತ್ಕತೀಯಲ್ಲ, ಅಂಗೆ."

ಹೊಂಬಾಳಮ್ಮ ಕಣ್ಣು ಮುಚ್ಚಿದಳು. ಬಾಯಿಗೆ ಬಂದದ್ದು ಅದೇ ಮಾತು: ಉಳ್ಸಪ್ಪ. ಹೋದ ವರ್ಷದ ಆಷಾಢದಲ್ಲಿ ಮಗಳು ತೀರಿಕೊಂಡಳು.

ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಇನ್ನು ಹೆಂಡತಿ ಪ್ರಾರ್ಥನಾಲಯದ ಕಡೆ ತಲೆ ಹಾಕುವುದಿಲ್ಲ ಎಂದು ರಾಮಲಿಂಗಯ್ಯ ಅಂದುಕೊಂಡ. ಅವಳೂ ಹಾಗೇ ಅಂದುಕೊಂಡಿದ್ದಳು. ಆದರೆ ಒಂದು ಭಾನುವಾರ ಕಾಲು ತಾನಾಗಿ ಬಸ್ಸು ಹತ್ತಿತು. ಹಿಂದಿನ ಚಾಪೆಯ ಮೇಲೆ ಹೋಗಿ ಕೂತಳು. ಏನನ್ನೂ ಕೇಳಲಿಲ್ಲ. ಹಾಗೆ ಬರಿಗೈಯಲ್ಲಿ ಕೂತಾಗ, ತನ್ನ ಮಗನನ್ನು ಶಿಲುಬೆಯ ಮೇಲೆ ಕಳೆದುಕೊಂಡ ದೇವರೇ ಪಕ್ಕದಲ್ಲಿ ಬಂದು ಕೂತ ಹಾಗೆ ಅನ್ನಿಸಿತು. ಮಗಳು ಹೇಳಿದ್ದು ಇದನ್ನೇ ಎಂದು ತಿಳಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಕ್ರೈಸ್ತಳಾಗುವ ದೀಕ್ಷಾಸ್ನಾನವನ್ನು ಅವಳಾಗಿಯೇ ಕೇಳಿದಳು. "ಅವಸರ ಏನಿಲ್ಲಮ್ಮ, ಮನೆಯಲ್ಲಿ ಮಾತಾಡಿ ಬನ್ನಿ" ಎಂದರು ಪಾಸ್ಟರು. "ಮಾತಾಡಿವ್ನಿ ಅಯ್ಯ. ಎಲ್ಡ್ ಮನೆ ಅಡ್ಗೆ ಇನ್ ನನ್ ಕೈಲಾಗಕಿಲ್ಲ" ಎಂದಳು. ಹೋದ ಭಾನುವಾರ ನೀರಿನಲ್ಲಿ ಮುಳುಗಿ ಎದ್ದಳು.

ಈ ಭಾನುವಾರ ಮಹಾಲಯ ಅಮಾವಾಸ್ಯೆ. ನಾಗಶ್ರೀಯ ವರ್ಷದ ತಿಥಿ ಕಳೆದು, ಸತ್ತ ಹಿರಿಯರ ಸಾಲಿನಲ್ಲಿ ಅವಳಿಗೂ ಮೊದಲ ಎಡೆ.

"ಅಡ್ಗೆ ನಾನೇ ಮಾಡ್ತೀನಿ. ನೀ ಬಂದು ಅವ್ಳ ಕರುದ್ರೆ ಸಾಕು" ಎಂದಿದ್ದ ರಾಮಲಿಂಗಯ್ಯ. ಬ್ಲಫ್ ಊರಿನ ಜಲವಿದ್ಯುತ್ ಪವರ್ ಹೌಸಿನಲ್ಲಿ ಮೂರು ಪಾಳಿ ದುಡಿದು ನಿವೃತ್ತನಾದವನು, ಒಲೆಯ ಮುಂದೆ ನಿಂತವನೇ ಅಲ್ಲ. ಹೊಂಬಾಳಮ್ಮ ಬರುವ ಹೊತ್ತಿಗೆ ನಡುಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಎಡಕ್ಕಿರಬೇಕಾದ ಬಾಳೆಲೆಯ ಕುಡಿ ಬಲಕ್ಕಿತ್ತು. ಅನ್ನ ಮುದ್ದೆಯಾಗಿತ್ತು. ಮದ್ದೂರು ವಡೆ ಇತ್ತು, ಪಕ್ಕದಲ್ಲಿ ಹೊಸ ಚೂಡಿದಾರ. ಎಲೆಯ ಮೂಲೆಯಲ್ಲಿ ಮಾವಿನ ಉಪ್ಪಿನಕಾಯಿಯ ಗುಡ್ಡೆಯನ್ನೇ ಬಡಿಸಿದ್ದ. ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಮಗಳು ಅದೊಂದಕ್ಕಾಗಿ ಅಂಗಲಾಚಿ ಅಂಗಲಾಚಿ ಸೋತಿದ್ದಳು.

"ಕರಿ" ಎಂದ. "ನಿನ್ ದನಿ ಕೇಳುದ್ರೇನೇ ಅವ್ಳು ಬರದು."

"ನನ್ ಕೈಲಾಗಕಿಲ್ಲ ಕನಿ."

"ಅಸ್ಕೊಂಡ್ ಓಗ್ಲಾ ನನ್ ಮಗ್ಳು?"

"ಅವ್ಳು ಅಸ್ವಿಲ್ಲದ ತಾವವ್ಳೆ."

"ಯಾರ್ ನೋಡ್ಕ ಬಂದವ್ರೆ?"

ಯಾರೂ ನೋಡಿಕೊಂಡು ಬಂದಿರಲಿಲ್ಲ. ಹಳೆಯ ಹೊಂಬಾಳಮ್ಮನಾಗಿದ್ದರೆ ಈಗ ಕರೆದುಬಿಟ್ಟು, ಬರುವ ಭಾನುವಾರ ಕ್ಷಮೆ ಕೇಳಿಕೊಳ್ಳುತ್ತಿದ್ದಳು. ಇಪ್ಪತ್ಮೂರು ವರ್ಷ ಕೂಗಿದ ಹೆಸರು ನಾಲಗೆಯ ತುದಿಗೆ ಬಂದಿತ್ತು. ಕೂಗಲಿಲ್ಲ.

ರಾಮಲಿಂಗಯ್ಯನೇ ಧೂಪ ಹಾಕಿದ. "ನಾಗಾ... ಬಾರವ್ವ, ಉಣ್ಣು ಬಾ" ಎಂದ. ಕೊನೆಗೆ ದನಿ ಒಡೆಯಿತು. ಹೊರಗೆ ಬಂದು ಕದ ಮುಂದಕ್ಕೆಳೆದ. ಎಡೆ ಇಟ್ಟ ಮೇಲೆ ಬದುಕಿರುವವರು ಒಳಗಿರಬಾರದು. ಬಂದವರು ನಾಚದೆ ಉಣ್ಣಬೇಕು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು, ಉಂಡವರು ಎದ್ದು ಹೋಗಲಿ ಎಂದು. ಅತ್ತೆ ಮಾವನ ಎಡೆಗೆ ಪ್ರತಿವರ್ಷ ತಟ್ಟುತ್ತಿದ್ದವಳು ಅವಳೇ.

ಇಬ್ಬರೂ ಜಗಲಿಯ ಮೇಲೆ ಕೂತರು. ಅವಳು ಕಣ್ಣು ಮುಚ್ಚಿದಳು. ದೇವರನ್ನು ಏನೂ ಕೇಳಿಕೊಳ್ಳಲಿಲ್ಲ.

"ಬಂದವ್ಳಾ?" ಎಂದ ರಾಮಲಿಂಗಯ್ಯ, ಕದದತ್ತ ನೋಡಿ.

ಅವಳು ಕಣ್ಣು ತೆರೆದು ಅವನನ್ನು ನೋಡಿದಳು.

"ಒಂದ್ ಸುಳ್ಳಾದ್ರೂ ಏಳ್ಬಾರ್ದಾ ಅಮ್ಮಿ?"

ಅವಳು ಸರಿದು ಕೂತು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ತೆಗೆಯಲಿಲ್ಲ.

ಬಿಸಿಲು ಎದುರು ಮನೆಯ ಗೋಡೆ ಹತ್ತಿತು. "ಒತ್ತಾಯ್ತು, ತಟ್ಟಿ" ಎಂದಳು. ರಾಮಲಿಂಗಯ್ಯ ಎದ್ದು ಹೋಗಿ ಕೈ ಎತ್ತಿದವನು ಹಾಗೇ ಕದಕ್ಕೆ ಅಂಗೈ ಊರಿ ನಿಂತ.

"ನೀನೇ ತಟ್ಟು. ತಟ್ಟುದ್ರೆ ಎದ್ ಓಯ್ತಾಳೆ, ನನ್ ಕೈಲಾಗಕಿಲ್ಲ."

ಹೊಂಬಾಳಮ್ಮ ಅವನ ಪಕ್ಕ ಹೋಗಿ ನಿಂತಳು. ಕದದ ಸಂದಿಯಿಂದ ಧೂಪದ ವಾಸನೆ, ಅದರ ಜೊತೆ ಉಪ್ಪಿನಕಾಯಿಯದು. ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಅವನ ತೋಳು ಹಿಡಿದು ಜಗಲಿಗೆ ಕರೆತಂದು ಕೂರಿಸಿದಳು.

ಸಂಜೆಯ ಹಾಲು ಹಾಕುವವರು ಕ್ಯಾನು ಹಿಡಿದು ಡೈರಿಯತ್ತ ಹೊರಟಿದ್ದರು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು.