ಅಂಚು ಕತ್ತರಿಸದ ಪ್ರತಿ

ನಮ್ಮ ಅಚ್ಚುಕೂಟದಲ್ಲಿ ಮುದ್ರಿಸಿದ ಹಾಳೆಗಳನ್ನು ಮಡಚುತ್ತಿದ್ದೆ. ಎದುರಿಗೆ ಕೂತ ಮಾವ ಹೊಲಿಗೆಯ ದಾರಕ್ಕೆ ಮೇಣ ಉಜ್ಜುತ್ತಿದ್ದರು. ದಿನವೂ ಯಂತ್ರದ ಸದ್ದನ್ನು ಮೀರಿಸಿ ತಮಾಷೆ ಮಾಡುವವರು ಅಂದು ತಲೆ ತಗ್ಗಿಸಿ ಉಜ್ಜಿದ ದಾರವನ್ನೇ ಮತ್ತೆ ಉಜ್ಜುತ್ತಿದ್ದರು.

ನಾನು ಮಡಚುತ್ತಿದ್ದುದು ಅಣ್ಣನ ಕಾದಂಬರಿ. ಗಿರಣಿಗೆ ಬೆಂಕಿ ಬಿದ್ದ ದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದು ಯಾರು ಎಂಬ ಕಥೆ. ಹೆಸರು ಬದಲಿಸಿದ್ದರೂ ಗಿರಣಿ ಯಾವುದೆಂದು ಊರಿಗೆಲ್ಲ ಗೊತ್ತಾಗುವಂತಿತ್ತು. ಬರೆದರೆ ಸತ್ತವರಿಗೆ ನ್ಯಾಯ ಸಿಗುತ್ತದೆಂದು ಅಣ್ಣ ನಂಬಿದ್ದ. ಮಾವ ನಕ್ಕಿದ್ದರು.

"ಇಷ್ಟು ವರ್ಷ ಪುಸ್ತಕ ಹೊಲಿದಿದ್ದೀನಿ ಕಣೋ. ಓದಿ ಒಳ್ಳೆಯವನಾದ ಒಬ್ಬನನ್ನ ತೋರ್ಸು, ನಿಂದು ಪುಕ್ಕಟೆ ಹೊಲ್ದುಕೊಡ್ತೀನಿ."

ಅಣ್ಣ ಯಾರನ್ನೂ ತೋರಿಸಿರಲಿಲ್ಲ. ಮಾವ ಪುಕ್ಕಟೆಯಾಗಿಯೇ ಹೊಲಿಯುತ್ತಿದ್ದರು.

ನಮ್ಮಲ್ಲಿ ಮೊದಲ ಪ್ರತಿಯನ್ನು ರಟ್ಟು ಹಾಕದೆ, ಅಂಚು ಕತ್ತರಿಸದೆ ಬರೆದವರಿಗೇ ಕೊಡುವುದು ರೂಢಿ. ಪುಟಗಳು ಮೇಲ್ಗಡೆ ಕೂಡಿಕೊಂಡೇ ಇರುತ್ತವೆ, ಸೀಳಿಕೊಂಡು ಓದಬೇಕು. ಅದನ್ನು ಬೆಳಿಗ್ಗೆ ಗಿರಣಿಯ ಮೇಸ್ತ್ರಿ ಬಂದು ಕೇಳಿದ. ಮಾವ ಕೊಟ್ಟುಬಿಟ್ಟರು. ಕಥೆ ತಾನೇ, ಓದಿಕೊಳ್ಳಲಿ ಎಂದು ನನಗೆ ಹೇಳಿ, ಹೊಲಿದು ಮುಗಿಸಿದ ಕಟ್ಟನ್ನೇ ಮತ್ತೆ ಹೊಲಿಯತೊಡಗಿದರು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಮತ್ತೆ ಬಂದ.

"ಪುಟ ಬಿಡಿಸೋಕೆ ಒಂದು ಚಾಕು ಕೊಡಮ್ಮ" ಎಂದ, ಬಹಳ ಮರ್ಯಾದೆಯಿಂದ.

ರಟ್ಟು ಕೊಯ್ಯುವ ಚಾಕು ಕೊಟ್ಟೆ.

ಬೀದಿಯಾಚೆ ನಿಲ್ಲಿಸಿದ್ದ ಗಿರಣಿ ಮಾಲೀಕರ ಕಾರಿನಲ್ಲಿ ಕೂತು ಅವನು ಸೀಳುತ್ತ ಸೀಳುತ್ತ ಓದಿದ. ಆ ಹಾಳೆಗಳನ್ನು ಮಡಚಿದವಳು ನಾನು. ಅವನ ಎಡಗೈಯಲ್ಲಿದ್ದ, ಓದಿ ಮುಗಿದ ಪುಟಗಳ ದಪ್ಪ ನೋಡಿಯೇ ಎಲ್ಲಿಗೆ ಬಂದಿದ್ದಾನೆಂದು ಕಿಟಕಿಯಿಂದ ತಿಳಿಯುತ್ತಿತ್ತು. ಕಥೆಯಲ್ಲಿ ಬೆಂಕಿ ಬಿತ್ತು. ಜನ ಬಾಗಿಲಿಗೆ ಓಡಿದರು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಿಂತ ಮೇಸ್ತ್ರಿಯ ಪುಟ ಬಂದಾಗ ಅವನ ಕೈ ನಿಂತಿತು. ಮುಂದಕ್ಕೆ ಸೀಳಲಿಲ್ಲ. ಅದನ್ನೇ ಮತ್ತೆ ಓದಿದ.

ಮಾವನ ಮಾತೇ ನಿಜವಾಗಲಿ, ಕಥೆ ಯಾರಿಗೂ ನಾಟದಿರಲಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ತನ್ನ ಪ್ರತಿ ಒಯ್ಯಲು ಅಣ್ಣ ಬಂದ. ಮೇಸ್ತ್ರಿ ಕಾರಿನಿಂದಿಳಿದು, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಕೂತು ಮಾತಾಡೋಣವೆಂದು ಕರೆದ. ಅಣ್ಣನ ಮುಖ ಅರಳಿತು.

"ನೋಡಿ ಮಾವ, ನೀವು ತೋರ್ಸು ಅಂದವನು ಇಲ್ಲಿದ್ದಾನೆ" ಎಂದು ನಮ್ಮತ್ತ ಹೇಳಿ ಕಾರಿನೊಳಗೆ ಕೂತ.

ಮಾವ ಏಳಲಿಲ್ಲ. ಹೊರಗಿನವರೊಡನೆ ಎಂದೂ ಮಾತಾಡದ ನಾನು ಬೀದಿಗೆ ಓಡಿದೆ. ಕಾರಿನ ಗಾಜು ಮೇಲೇರುತ್ತಿತ್ತು. ಬಾಯಿಗೆ ಬೇರೇನೂ ಬರಲಿಲ್ಲ.

"ಮೇಸ್ತ್ರಿಗಳೇ, ನಮ್ಮ ಚಾಕು ಕೊಟ್ಟು ಹೋಗಿ."